ಸರ್ ಮಿರ್ಜಾ ಇಸ್ಮಾಯಿಲ್: ಯಾವ ಉದ್ಯಮಕ್ಕೆ ಯಾವ ಊರು?

ಓದು ಮುಗಿದ ಮೇಲೆ ಸ್ವಂತ ಕಂಪನಿ ಶುರು ಮಾಡಬೇಕು ಎನ್ನುವವರು ನಮ್ಮ ಕಾಮರ್ಸ್ ವಿಭಾಗದಲ್ಲಿ ಹಲವರಿದ್ದಾರೆ. ಎಲ್ಲಿ ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ: ಬೆಂಗಳೂರು. ಯಾಕೆ ಎಂದು ಕೇಳಿದರೆ ಮಾತ್ರ ತಡವರಿಸುತ್ತೇವೆ. ವಿಶ್ವೇಶ್ವರಯ್ಯನವರು ಮುದ್ದೇನಹಳ್ಳಿಯವರಾದ್ದರಿಂದ ಅವರ ಕಥೆ ನಮಗೆ ಬಾಯಿಪಾಠ. ಅವರ ಕೆಲವು ವರ್ಷಗಳ ನಂತರ ಮೈಸೂರಿನ ದಿವಾನರಾದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಕಥೆ ಅಷ್ಟಾಗಿ ಗೊತ್ತಿಲ್ಲ. ಊರು ಆರಿಸುವ ವಿಷಯದಲ್ಲಿ ಅವರಿಂದ ಕಲಿಯುವುದು ಬಹಳ ಇದೆ.

ಕಥೆ ಅವರ ತಾತನಿಂದಲೇ ಶುರುವಾಗುತ್ತದೆ. ಆಗಾ ಅಲಿ ಅಸ್ಕರ್ ಇರಾನಿನ ಶಿರಾಜ್‌ನಿಂದ ಕುದುರೆಗಳನ್ನು ಹೊಡೆದುಕೊಂಡು ಬೆಂಗಳೂರಿಗೆ ಬಂದಾಗ ಇನ್ನೂ ಹದಿಹರೆಯದ ಹುಡುಗ, ಅಂದರೆ ನಮ್ಮ ವಯಸ್ಸಿನವರು! ಕಂಟೋನ್ಮೆಂಟ್‌ನಲ್ಲಿ ಬ್ರಿಟಿಷರ ದಂಡು ಬೀಡುಬಿಟ್ಟಿತ್ತು, ದಂಡಿಗೆ ಒಳ್ಳೆಯ ಕುದುರೆ ಬೇಕಿತ್ತು. ಗಿರಾಕಿ ಇರುವ ಊರಿಗೆ ಸರಕು ತಂದರು. ಆಮೇಲೆ ಕಟ್ಟಡಗಳನ್ನೂ ಕಟ್ಟಿಸಿದರು. ಬೆಂಗಳೂರಿನ ಅಲಿ ಅಸ್ಕರ್ ರಸ್ತೆ ಅವರ ಹೆಸರಿನದೇ.

ಮೊಮ್ಮಗ ಮಿರ್ಜಾ ಹುಟ್ಟಿದ್ದು 1883ರಲ್ಲಿ, ಬೆಂಗಳೂರಿನಲ್ಲಿ. ಬಾಲಕ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಜೊತೆ ಓದಲು ಆಯ್ಕೆಯಾದ ಕೆಲವೇ ಹುಡುಗರಲ್ಲಿ ಇವರೂ ಒಬ್ಬರು. ಆ ಸ್ನೇಹ ಕೊನೆಯವರೆಗೂ ಉಳಿಯಿತು. ಸೆಂಟ್ರಲ್ ಕಾಲೇಜಿನಲ್ಲಿ ಪದವಿ ಪಡೆದು, ಪೊಲೀಸ್ ಇಲಾಖೆಯಲ್ಲಿ ಕೆಲಸಕ್ಕೆ ಸೇರಿ, ಮಹಾರಾಜರ ಕಾರ್ಯದರ್ಶಿಯಾಗಿ, 1926ರಲ್ಲಿ ದಿವಾನರಾದರು. ಮರುವರ್ಷ ಕಾಯಿಲೆಯಿಂದ ಬಳಲಿದ್ದ ಗಾಂಧೀಜಿ ವಿಶ್ರಾಂತಿಗೆಂದು ನಮ್ಮ ನಂದಿಬೆಟ್ಟಕ್ಕೆ ಬಂದಿದ್ದು ಸಂಸ್ಥಾನದ ಅತಿಥಿಯಾಗಿ, ಇವರ ಕಾಲದಲ್ಲೇ.

15 ವರ್ಷ ದಿವಾನರಾಗಿದ್ದಾಗ ಅವರು ಎಲ್ಲಾ ಕಾರ್ಖಾನೆಗಳನ್ನೂ ಒಂದೇ ಊರಿಗೆ ತುಂಬಲಿಲ್ಲ. ಕನ್ನಂಬಾಡಿಯಿಂದ ಹೊಸ ನಾಲೆಯ ನೀರು ಹರಿದು ಮಂಡ್ಯದ ಹೊಲಗಳಲ್ಲಿ ಕಬ್ಬು ಎದ್ದಿತು. ಕಬ್ಬನ್ನು ದೂರ ಸಾಗಿಸಿದರೆ ಒಣಗಿ ರಸ ಕಡಿಮೆಯಾಗುತ್ತದೆ, ಹಾಗಾಗಿ ಸಕ್ಕರೆ ಕಾರ್ಖಾನೆ ಅಲ್ಲೇ ಆಯಿತು. ಕಾಗದಕ್ಕೆ ಬಿದಿರು ಬೇಕು, ಧಾರಾಳ ನೀರು ಬೇಕು. ಎರಡೂ ಇದ್ದದ್ದು ಭದ್ರಾವತಿಯಲ್ಲಿ. ಶಿಡ್ಲಘಟ್ಟದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗೂಡು ಬರುವ ಮಾರುಕಟ್ಟೆಯ ಸುತ್ತಲೇ ನೂಲು ಬಿಚ್ಚುವ ರೀಲರ್‌ಗಳ ಮನೆಗಳಿರುವುದನ್ನು ದಿನಾ ನೋಡುತ್ತೇವೆ.

ವಿಮಾನದ ಲೆಕ್ಕ ಬೇರೆ. ಎರಡನೇ ಮಹಾಯುದ್ಧ ಶುರುವಾದಾಗ ಮುಂಬೈನ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಭಾರತದಲ್ಲೇ ವಿಮಾನ ತಯಾರಿಸಬೇಕೆಂದು ಹೊರಟರು. ಅಮೆರಿಕದ ವಿಲಿಯಂ ಪಾಲಿ ಎಂಬುವರಿಂದ ಯಂತ್ರ, ಪರಿಣತರು ಸಿಗುವ ಭರವಸೆ ಇತ್ತು. ಜಾಗ, ಪಾಲುದಾರರು ಬೇಕಿತ್ತು. ಅವರು ಬೇರೆ ಸಂಸ್ಥಾನಗಳ ಕಡೆಗೂ ನೋಡಿದ್ದರು. ತಡಮಾಡದೆ ಕೈ ಹಿಡಿದವರು ಮಿರ್ಜಾ. ಬೆಂಗಳೂರಿನ ಪಕ್ಕದಲ್ಲಿ 700 ಎಕರೆ ಜಾಗ, ಜೊತೆಗೆ ಸರ್ಕಾರದಿಂದ 25 ಲಕ್ಷ ರೂಪಾಯಿ ಬಂಡವಾಳ. 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ನೋಂದಣಿಯಾಯಿತು, ಇಂದಿನ ಎಚ್‌ಎಎಲ್.

ಬರೀ ಜಾಗ ಮತ್ತು ದುಡ್ಡು ಅಂದುಕೊಳ್ಳಬೇಡಿ. ಶಿವನಸಮುದ್ರದ ಕರೆಂಟು 1905ರಲ್ಲೇ ಬೆಂಗಳೂರಿಗೆ ಬಂದಿತ್ತು. ಟಾಟಾ ಇನ್‌ಸ್ಟಿಟ್ಯೂಟ್ 1911ರಿಂದ ಪಾಠ ಮಾಡುತ್ತಿತ್ತು. 1942ರಲ್ಲಿ ಅಲ್ಲಿ ವಿಮಾನಶಾಸ್ತ್ರದ ವಿಭಾಗವೂ ತೆರೆಯಿತು. ಹವೆ ತಂಪು, ಯುದ್ಧದ ಗಡಿ ದೂರ. ಒಬ್ಬ ದಿವಾನ ಬೇಗ ಹೂಂ ಎನ್ನಲು ಸಾಧ್ಯವಾದದ್ದು ಹಿಂದಿನವರು 40 ವರ್ಷ ಕೂಡಿಟ್ಟದ್ದರಿಂದ. ನನಗಂತೂ ಇದೇ ದೊಡ್ಡ ವಿಷಯ ಅನ್ನಿಸಿತು.

ಇಷ್ಟು ಬರೆದು ಗೌರಿಬಿದನೂರಿನ ಗೆಳೆಯರಿಗೆ ತೋರಿಸಿದರೆ ಅವರು ಕೇಳುವ ಮೊದಲ ಪ್ರಶ್ನೆ ವಿದುರಾಶ್ವತ್ಥದ್ದು. ಕೇಳಲೇಬೇಕು. 1938ರ ಏಪ್ರಿಲ್ 25ರಂದು ಅಲ್ಲಿ ರಾಷ್ಟ್ರಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಮೈಸೂರು ಪೊಲೀಸರು ಗುಂಡು ಹಾರಿಸಿದಾಗ ದಿವಾನರಾಗಿದ್ದವರು ಇದೇ ಮಿರ್ಜಾ. ಸತ್ತವರು 30ಕ್ಕೂ ಹೆಚ್ಚು ಎಂದು ನಮ್ಮ ಸೀಮೆಯವರು ಹೇಳುತ್ತಾರೆ, ಸರ್ಕಾರದ ಲೆಕ್ಕ ಅದಕ್ಕಿಂತ ಬಹಳ ಕಡಿಮೆ. ಸರ್ದಾರ್ ಪಟೇಲರು ಬಂದು ಮಾತುಕತೆ ನಡೆಸಿದ ಮೇಲೆ ಮೈಸೂರಿನ ಬಾವುಟದ ಜೊತೆ ಕಾಂಗ್ರೆಸ್ ಬಾವುಟವನ್ನೂ ಹಾರಿಸಲು ಒಪ್ಪಿಗೆಯಾಯಿತು. ಕಾರ್ಖಾನೆ ಕಟ್ಟುವುದರಲ್ಲಿ ಅಷ್ಟು ಚುರುಕಾಗಿದ್ದ ಆಡಳಿತ ಜನರಿಗೆ ಕಿವಿಗೊಡುವುದರಲ್ಲಿ ಹಿಂದೆ ಬಿತ್ತು. ಅವರನ್ನು ಮೆಚ್ಚುವ ನಾನೂ ಇದನ್ನು ಬಿಟ್ಟು ಬರೆಯಲಾರೆ.

1940ರ ಆಗಸ್ಟ್‌ನಲ್ಲಿ ನಾಲ್ವಡಿಯವರು ತೀರಿಕೊಂಡರು. ಮರುವರ್ಷ ಮಿರ್ಜಾ ಹುದ್ದೆ ಬಿಟ್ಟರು. ಆಮೇಲೆ ಜೈಪುರ, ಹೈದರಾಬಾದ್ ಸಂಸ್ಥಾನಗಳಲ್ಲಿ ಪ್ರಧಾನಿಯಾಗಿದ್ದು, ಮತ್ತೆ ಬೆಂಗಳೂರಿಗೆ ಬಂದು, 1959ರ ಜನವರಿ 5ರಂದು ಇಲ್ಲೇ ಕಣ್ಣುಮುಚ್ಚಿದರು. ಹಿಂದೂಸ್ತಾನ್ ಏರ್‌ಕ್ರಾಫ್ಟ್ ಜೋಡಿಸಿದ ಮೊದಲ ತರಬೇತಿ ವಿಮಾನ ಹಾರ್ಲೋ 1941ರಲ್ಲೇ ಬೆಂಗಳೂರಿನ ಆಕಾಶಕ್ಕೇರಿತ್ತು. ಕಂಪನಿಗೆ ಆಗಿನ್ನೂ ಒಂದು ವರ್ಷವೂ ತುಂಬಿರಲಿಲ್ಲ.