ಬ್ಯಾಂಟಿಂಗನ ನಾಯಿಗಳೂ ನಮ್ಮ ಮನೆಯ ಬೆಕ್ಕೂ

ನವೆಂಬರ್ ೧೪ ನಮ್ಮ ಶಾಲೆಗಳಲ್ಲಿ ಮಕ್ಕಳ ದಿನಾಚರಣೆ. ಮಕ್ಕಳ ಕೈಗೆ ಮಿಠಾಯಿ ಬೀಳುವ ದಿನ. ಅದೇ ದಿನವನ್ನು ಜಗತ್ತು ೧೯೯೧ರಿಂದ ಮಧುಮೇಹ ದಿನವೆಂದು ಆಚರಿಸುತ್ತ ಬಂದಿದೆ. ಕಾಲಪುರುಷನ ವಿನೋದವೆಂದರೆ ಇದೇ ಇರಬೇಕು. ಎರಡನೆಯ ಆಚರಣೆಗೆ ಕಾರಣನಾದವನು ಫ್ರೆಡರಿಕ್ ಬ್ಯಾಂಟಿಂಗ್. ೧೮೯೧ರ ಆ ದಿನ ಕೆನಡಾ ದೇಶದ ಅಲಿಸ್ಟನ್ ಎಂಬ ಊರಿನ ಬಳಿಯ ಒಕ್ಕಲು ಮನೆತನದಲ್ಲಿ, ಐದು ಮಕ್ಕಳಲ್ಲಿ ಕಡೆಯವನಾಗಿ ಅವನು ಹುಟ್ಟಿದನು. ಇನ್ಸುಲಿನ್ ಎಂಬ ಮಾತು ಭಾಲ್ಕಿ ಔರಾದಗಳ ಔಷಧದ ಅಂಗಡಿಗಳಲ್ಲಿಯೂ ಬಳಕೆಯದಾಗಿದೆ. ಬ್ಯಾಂಟಿಂಗನ ಹೆಸರು ಮಾತ್ರ ನಮ್ಮ ವಿದ್ಯಾರ್ಥಿಗಳಿಗೆ ಅಷ್ಟಾಗಿ ತಿಳಿಯದು. ಕನ್ನಡ ಪಾಠ ಹೇಳುವ ನಾನು ಈ ವೈದ್ಯನ ಚರಿತ್ರೆಗೆ ಕೈಹಚ್ಚಿದ್ದಕ್ಕೆ ಒಂದು ಬೆಕ್ಕು ಕಾರಣ. ಅದರ ಪ್ರಸ್ತಾಪ ಮುಂದೆ ಬರುತ್ತದೆ.

ಬಾಲ್ಯದಲ್ಲಿ ಅವನು ಪ್ರತಿಭಾವಂತನೆಂದು ಹೆಸರಾದವನಲ್ಲ. ಟೊರಾಂಟೋ ವಿಶ್ವವಿದ್ಯಾನಿಲಯದಲ್ಲಿ ಮೊದಲ ವರ್ಷವೇ ತೇರ್ಗಡೆಯಾಗಲಿಲ್ಲ. ಬಳಿಕ ವೈದ್ಯವಿದ್ಯೆಯ ಕಡೆ ತಿರುಗಿ ೧೯೧೬ರಲ್ಲಿ ಪದವಿ ಪಡೆದು ಯುದ್ಧಕ್ಕೆ ಹೋದನು. ೧೯೧೮ರಲ್ಲಿ ಕಾಂಬ್ರೆಯ ಕದನದಲ್ಲಿ ಗಾಯಗೊಂಡನು. ಶೌರ್ಯಕ್ಕಾಗಿ ಮಿಲಿಟರಿ ಕ್ರಾಸ್ ಪದಕವೂ ದೊರೆಯಿತು. ಪದಕದಿಂದ ಹೊಟ್ಟೆ ತುಂಬದಷ್ಟೆ. ೧೯೨೦ರಲ್ಲಿ ಕೆನಡಾದ ಲಂಡನ್ ನಗರದಲ್ಲಿ ವೈದ್ಯವೃತ್ತಿ ಆರಂಭಿಸಿದಾಗ ರೋಗಿಗಳೇ ಬರಲಿಲ್ಲ. ಮೊದಲ ತಿಂಗಳ ಸಂಪಾದನೆ ಬರಿಯ ೪ ಡಾಲರು. ಜೀವನೋಪಾಯಕ್ಕೆಂದು ಅಲ್ಲಿಯ ವೈದ್ಯಶಾಲೆಯಲ್ಲಿ ಪಾಠ ಹೇಳುವ ಸಣ್ಣ ಕೆಲಸ ಹಿಡಿದನು. ಅಧ್ಯಾಪಕರಾದವರು ಗಮನಿಸಬೇಕಾದ ಸಂಗತಿಯಿದು: ಅಕ್ಟೋಬರ್ ೩೦ರ ರಾತ್ರಿ, ತನಗೆ ಚೆನ್ನಾಗಿ ತಿಳಿಯದ ವಿಷಯವೊಂದರ ಪಾಠಕ್ಕೆ ಸಿದ್ಧತೆ ನಡೆಸುತ್ತಿದ್ದಾಗಲೇ ಅವನಿಗೆ ಆ ಆಲೋಚನೆ ಹೊಳೆದದ್ದು. ಮೇದೋಜೀರಕ ಗ್ರಂಥಿಯ ನಾಳವನ್ನು ಕಟ್ಟಿ ಜೀರ್ಣರಸದ ಭಾಗವನ್ನು ಬಾಡಿಸಿದರೆ, ಸಕ್ಕರೆಯನ್ನು ಅಂಕೆಯಲ್ಲಿಡುವ ಒಳರಸವು ಕೆಡದಂತೆ ದೊರೆಯಬಹುದಲ್ಲವೆ ಎಂಬುದೇ ಆ ಆಲೋಚನೆ.

ಟೊರಾಂಟೋದ ಪ್ರಾಧ್ಯಾಪಕ ಮಕ್ಲೌಡನು ಈ ಅಪರಿಚಿತನನ್ನು ಸಂಶಯದಿಂದಲೇ ನೋಡಿದನಾದರೂ ಪ್ರಯೋಗಶಾಲೆಯನ್ನೂ ನಾಯಿಗಳನ್ನೂ ಒದಗಿಸಿದನು. ಸಹಾಯಕ್ಕೆ ಇಬ್ಬರು ವಿದ್ಯಾರ್ಥಿಗಳಲ್ಲಿ ಯಾರು ಮೊದಲೆಂದು ನಾಣ್ಯ ಚಿಮ್ಮಿ ನೋಡಲಾಗಿ, ೨೨ ವರ್ಷದ ಚಾರ್ಲ್ಸ್ ಬೆಸ್ಟನ ಪಾಲಿಗೆ ಆ ಕೆಲಸ ಬಂದಿತು. ೧೯೨೧ರ ಮೇ ೧೭ರಂದು ಪ್ರಯೋಗ ಆರಂಭ. ಬೇಸಗೆಯ ಸೆಖೆಯಲ್ಲಿ ಒಂದರ ಹಿಂದೊಂದು ನಾಯಿ ಸತ್ತಿತು. ಚಾಕು ಹಿಡಿಯುವವನು ಬ್ಯಾಂಟಿಂಗ್. ರಕ್ತಕ್ಕೆ ರಾಸಾಯನಿಕಗಳನ್ನು ಬೆರೆಸಿ, ಬಣ್ಣದ ಗಾಢತೆಯನ್ನು ಹೋಲಿಸಿ, ಸಕ್ಕರೆಯ ಪ್ರಮಾಣವನ್ನು ಗೊತ್ತುಮಾಡುವವನು ಬೆಸ್ಟ್. ಜುಲೈ ೩೦ರಂದು ೪೧೦ನೆಯ ಸಂಖ್ಯೆಯ ನಾಯಿಗೆ ಗ್ರಂಥಿಯ ಸಾರವನ್ನು ಚುಚ್ಚಿದಾಗ, ಇಂದಿನ ಲೆಕ್ಕದಲ್ಲಿ ೨೦೦ರಷ್ಟಿದ್ದ ರಕ್ತಸಕ್ಕರೆಯು ಒಂದು ಗಂಟೆಯಲ್ಲಿ ೧೨೦ಕ್ಕೆ ಇಳಿಯಿತು. ಮರುದಿನ ನಾಯಿ ಉಳಿಯಲಿಲ್ಲ. ಆದರೆ ಆ ಎರಡು ಅಂಕೆಗಳು ಉಳಿದುವು. ಚರಿತ್ರಕಾರರು ಶಸ್ತ್ರವನ್ನು ಕೊಂಡಾಡಿದಷ್ಟು ಈ ಅಳತೆಯನ್ನು ಕೊಂಡಾಡಿಲ್ಲವೆಂಬುದು ನನ್ನ ಆಕ್ಷೇಪ.

ಅಳತೆಯ ಮಹಿಮೆ ನನಗೆ ತಿಳಿದದ್ದು ಪುಸ್ತಕದಿಂದಲ್ಲ, ಭಾಲ್ಕಿಯ ನಮ್ಮ ಮನೆಯಲ್ಲಿ. ಭೀಮನೆಂಬ ನಮ್ಮ ಗಂಡುಬೆಕ್ಕು ಹೆಸರಿಗೆ ತಕ್ಕ ಕಾಯದ್ದು. ಅದು ಇದ್ದಕ್ಕಿದ್ದಂತೆ ಬೋಗುಣಿಗಟ್ಟಲೆ ನೀರು ಕುಡಿಯತೊಡಗಿ, ಉಂಡರೂ ಸೊರಗುತ್ತ ಬಂದಿತು. ಬುಟ್ಟಿಯಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬೀದರಕ್ಕೆ ಹೋದೆನು. ೨೦೦೪ರಲ್ಲಿ ಸ್ಥಾಪಿತವಾದ ಪಶುವೈದ್ಯಕೀಯ ವಿಶ್ವವಿದ್ಯಾನಿಲಯವಿರುವ ನಗರವದು. ಆದರೂ ನಮ್ಮ ಸೀಮೆಯ ಪಶುವೈದ್ಯರ ಬಾಗಿಲಿಗೆ ನಿತ್ಯ ಬರುವವರು ಎತ್ತು, ಎಮ್ಮೆ, ಆಡುಗಳೇ. ದೇವಣಿ ಹಸುವನ್ನು ಹಿಡಿದು ಔರಾದದ ಕಡೆಯಿಂದ ಬಂದಿದ್ದ ರೈತರೊಬ್ಬರು, ಬೆಕ್ಕಿಗೂ ಸಕ್ಕರೆ ಬೇನೆಯೇ ಎಂದು ಬೆರಗಾದರು. ಬೆಕ್ಕಿನ ಇನ್ಸುಲಿನ್ನಿಗೆ ಅತಿ ಸಮೀಪವಾದದ್ದು ಅವರ ಹಸುವಿನದೇ ಎಂಬುದು ಆಗ ನನಗೂ ತಿಳಿದಿರಲಿಲ್ಲ. ೫೧ ಮಣಿಗಳ ಸರದಲ್ಲಿ ಒಂದೇ ಮಣಿಯ ವ್ಯತ್ಯಾಸ!

ಬೆಕ್ಕಿನ ವಿಷಯದಲ್ಲಿ ಒಂದು ತೊಡಕುಂಟು. ಭಯಗೊಂಡರೆ ಸಾಕು, ಆರೋಗ್ಯವಂತ ಬೆಕ್ಕಿನ ರಕ್ತದಲ್ಲಿಯೂ ಸಕ್ಕರೆ ಏರುತ್ತದೆ. ಆಸ್ಪತ್ರೆಯ ಮೇಜಿನ ಮೇಲಿನ ಅಂಕೆಯನ್ನು ಪೂರ್ತಿ ನಂಬುವಂತಿಲ್ಲ, ಮನೆಯಲ್ಲಿಯೇ ಪರೀಕ್ಷಿಸಬೇಕು. ಕಿವಿಯನ್ನು ಬೆಚ್ಚಗಿನ ಬಟ್ಟೆಯಿಂದ ಒತ್ತಿ, ಅಂಚಿನ ನರದ ಬಳಿ ಚುಚ್ಚಿ, ಒಂದು ಹನಿ ರಕ್ತ ತೆಗೆಯುವುದು. ವೈದ್ಯರು ಗೊತ್ತುಮಾಡಿದ ಪ್ರಮಾಣ ೧೨ ಗಂಟೆಗೊಮ್ಮೆ ೧ ಯೂನಿಟ್ ಗ್ಲಾರ್ಜಿನ್. ಮೊದಲು ಪರೀಕ್ಷೆ, ಅನಂತರ ಊಟ, ಆಮೇಲೆ ಚುಚ್ಚುಮದ್ದು. ಒಂದು ದಿನದ ಅಂಕೆ ಕಂಡು ಪ್ರಮಾಣವನ್ನು ಏರಿಸಬಾರದು, ವಾರವಾದರೂ ಕಾಯಬೇಕು. ಗ್ಲಾರ್ಜಿನ್ನಿನ ಸೀಸೆಯಲ್ಲಿ ಮಿಲಿಲೀಟರಿಗೆ ೧೦೦ ಯೂನಿಟ್. ಅಂಗಡಿಯಲ್ಲಿ ೪೦ರ ಅಳತೆಯ ಸಿರಿಂಜೂ ಸಿಗುತ್ತದೆ. ಅದರಲ್ಲಿ ಎಳೆದರೆ ಔಷಧವು ಎರಡೂವರೆ ಪಟ್ಟಾಗುವುದು.

ಈ ಯೂನಿಟ್ ಎಂಬ ಮಾನ ಎಲ್ಲಿಂದ ಬಂದಿತೆಂದು ಹುಡುಕುತ್ತ ಹೋದಾಗ ನನಗೆ ಸಿಕ್ಕಿದವನು ಜೇಮ್ಸ್ ಕಾಲಿಪ್. ೧೯೨೧ರ ಡಿಸೆಂಬರಿನಲ್ಲಿ ತಂಡವನ್ನು ಸೇರಿ ಸಾರವನ್ನು ಶುದ್ಧಿಗೊಳಿಸಿದ ರಸಾಯನಜ್ಞ. ಮೊಲಗಳಿಗೆ ಚುಚ್ಚಿ ನೋಡುವಾಗ, ಪ್ರಮಾಣ ಮೀರಿದರೆ ಅವು ಸೆಳೆತ ಬಂದು ಬೀಳುವುದನ್ನೂ, ಸಕ್ಕರೆ ಕೊಟ್ಟೊಡನೆ ಏಳುವುದನ್ನೂ ಅವನು ಕಂಡನು. ೨ ಕಿಲೋಗ್ರಾಂ ತೂಕದ ಉಪವಾಸದ ಮೊಲದ ಸಕ್ಕರೆಯನ್ನು ಸೆಳೆತದ ಮಟ್ಟಕ್ಕೆ ಇಳಿಸುವಷ್ಟು ಔಷಧವೇ ಮೊದಲಿನ ಯೂನಿಟ್ ಆಯಿತು. ಸಿರಿಂಜಿನ ಮೇಲಿನ ಒಂದೊಂದು ಗೆರೆಯ ಹಿಂದೆ ಒಂದು ಮೊಲ ನಡುಗಿದೆಯೆಂದಾಯಿತು. ಬೇಸಗೆಯ ಒಂದು ರಾತ್ರಿ ವಿದ್ಯುತ್ತು ಹೋಗಿ ಮನೆ ಕತ್ತಲಾಗಿದ್ದಾಗ ಭೀಮ ಊಟ ಮೂಸಿ ಹಿಂದಿರುಗಿತು. ಮಗಳು ದೀಪ ಹಿಡಿದಳು. ಯಂತ್ರದಲ್ಲಿ ೬೪ ಎಂದು ತೋರಿತು. ಸೂಜಿಯನ್ನು ಬದಿಗಿಟ್ಟು, ಒಸಡಿಗೆ ಜೇನು ಸವರಿ, ಕಾಲು ಗಂಟೆಗೊಮ್ಮೆ ಪರೀಕ್ಷಿಸುತ್ತ ಕುಳಿತೆವು. ನಡುರಾತ್ರಿಯ ಹೊತ್ತಿಗೆ ಅಂಕೆ ೧೧೦ನ್ನು ದಾಟಿತು. ಬೆಕ್ಕು ಎದ್ದು ಮೀನಿನ ತಟ್ಟೆಯನ್ನು ನೆಕ್ಕಿತು. ಆ ರಾತ್ರಿ ಅಂಕೆ ನೋಡದೆ ಎಂದಿನ ಯೂನಿಟ್ಟನ್ನು ಚುಚ್ಚಿದ್ದರೆ ಬೆಳಗಿಗೆ ಅದು ಇರುತ್ತಿರಲಿಲ್ಲವೇನೋ.

ಬ್ಯಾಂಟಿಂಗನ ಕಥೆಗೆ ಮರಳೋಣ. ಔಷಧ ಸಾಲದೆ ಹೋದಾಗ ಅವನ ನೆರವಿಗೆ ಬಂದದ್ದು ಒಕ್ಕಲುತನದ ತಿಳಿವಳಿಕೆಯೇ. ದನಗಳನ್ನು ಕಟುಕರಿಗೆ ಮಾರುವ ಮುನ್ನ ಅವನ್ನು ಗಬ್ಬವಾಗಿಸುವ ರೂಢಿಯನ್ನು ಅವನು ಬಲ್ಲನಾಗಿದ್ದನು. ಹುಟ್ಟದ ಕರುಗಳ ಗ್ರಂಥಿಯಿಂದ ಸಾರ ತೆಗೆಯಬಹುದೆಂದು ಹೊಳೆಯಿತು. ೧೯೨೨ರ ಜನವರಿ ೧೧ರಂದು ಲೆನಾರ್ಡ್ ಥಾಮ್ಸನ್ ಎಂಬ ೧೪ ವರ್ಷದ, ಎಲುಬಿನ ಗೂಡಾಗಿದ್ದ ಬಾಲಕನಿಗೆ ದನದ ಗ್ರಂಥಿಯ ಸಾರವನ್ನು ಚುಚ್ಚಿದರು. ಫಲ ಅಲ್ಪ, ಮೇಲಾಗಿ ಬಾವು. ೨೩ರಂದು ಕಾಲಿಪ್ ಶುದ್ಧಿಗೊಳಿಸಿದ ಔಷಧ ಕೊಟ್ಟಾಗ ಬಾಲಕ ಚೇತರಿಸಿಕೊಂಡನು. ಮುಂದೆ ೧೩ ವರ್ಷ ಬದುಕಿದನು.

೧೯೨೩ರಲ್ಲಿ ಹಕ್ಕುಪತ್ರವನ್ನು ತಲೆಗೊಂದು ಡಾಲರಿಗೆ ವಿಶ್ವವಿದ್ಯಾನಿಲಯಕ್ಕೆ ಬಿಟ್ಟುಕೊಟ್ಟರು. ಅದೇ ವರ್ಷ ನೊಬೆಲ್ ಪಾರಿತೋಷಕವು ಬ್ಯಾಂಟಿಂಗ್ ಮಕ್ಲೌಡರಿಗೆ ಬಂದಿತು. ಬೆಸ್ಟನನ್ನು ಬಿಟ್ಟರೆಂದು ಬ್ಯಾಂಟಿಂಗ್ ಕೆರಳಿ ತನ್ನ ಹಣದಲ್ಲಿ ಅರ್ಧವನ್ನು ಅವನಿಗೆ ಕೊಟ್ಟನು. ಮಕ್ಲೌಡನು ತನ್ನ ಪಾಲಿನಲ್ಲಿ ಕಾಲಿಪನಿಗೆ ಕೊಟ್ಟನು. ಬ್ಯಾಂಟಿಂಗನ ಔದಾರ್ಯ ದೊಡ್ಡದು. ಮಕ್ಲೌಡನ ಮೇಲಿನ ಅವನ ದ್ವೇಷ ಮಾತ್ರ ಅನ್ಯಾಯದ್ದೆಂದೇ ನನ್ನ ಭಾವನೆ.

ನಾಯಿಗಳ ಮಾತನ್ನು ಹೇಳದೆ ಬಿಡುವಂತಿಲ್ಲ. ಮಾರ್ಜರಿ ಎಂದು ಹೆಸರಾದ ೩೩ನೆಯ ನಾಯಿ ಗ್ರಂಥಿಯಿಲ್ಲದೆಯೂ ಸುಮಾರು ೭೦ ದಿನ ಔಷಧದ ಬಲದಿಂದ ಬದುಕಿತ್ತು. ಆ ಮೂಕಪ್ರಾಣಿಗಳ ಸಂಕಟವನ್ನು ಮನುಷ್ಯರ ಲಾಭದ ತಕ್ಕಡಿಯಲ್ಲಿ ತೂಗಿ ಸರಿಯೆನ್ನಲು ನನ್ನ ಮನಸ್ಸು ಇಂದಿಗೂ ಪೂರ್ತಿಯಾಗಿ ಒಪ್ಪದು. ಭೀಮನ ಕಿವಿಯನ್ನು ಹಿಡಿದಾಗಲಂತೂ ಒಪ್ಪುವುದೇ ಇಲ್ಲ. ಆದರೆ ಅದೇ ಭೀಮ ಉಳಿದಿರುವುದು ಅವುಗಳಿಂದ.

ಕೀರ್ತಿಯು ಬ್ಯಾಂಟಿಂಗನಿಗೆ ನೆಮ್ಮದಿ ತರಲಿಲ್ಲ. ಬಿಡುವಿನಲ್ಲಿ ಚಿತ್ರ ಬರೆಯುತ್ತಿದ್ದನು. ೧೯೨೭ರಲ್ಲಿ ಚಿತ್ರಕಾರ ಎ. ವೈ. ಜ್ಯಾಕ್ಸನ್ ಜೊತೆಗೆ ಉತ್ತರಧ್ರುವದ ಸೀಮೆಗೆ ಹೋಗಿ ಹಿಮದ ಚಿತ್ರಗಳನ್ನು ಬರೆದು ತಂದನು. ೧೯೩೪ರಲ್ಲಿ ಸರ್ ಪದವಿ ಬಂದಿತು. ೧೯೪೧ರ ಫೆಬ್ರವರಿಯಲ್ಲಿ ಯುದ್ಧಕಾಲದ ಸಂಶೋಧನೆಯ ಕಾರ್ಯಕ್ಕೆಂದು ಇಂಗ್ಲೆಂಡಿಗೆ ಹೊರಟ ಅವನ ವಿಮಾನ ನ್ಯೂಫೌಂಡ್‌ಲ್ಯಾಂಡಿನ ಹಿಮದಲ್ಲಿ ಬಿದ್ದಿತು. ಉಳಿದವನು ವಿಮಾನಚಾಲಕನೊಬ್ಬನೇ. ೪೯ ವರ್ಷದ ಬ್ಯಾಂಟಿಂಗನನ್ನು ಟೊರಾಂಟೋದ ಮೌಂಟ್ ಪ್ಲೆಸೆಂಟ್ ಸ್ಮಶಾನದಲ್ಲಿ ಮಣ್ಣು ಮಾಡಿದರು. ೧೯೭೮ರಲ್ಲಿ ತೀರಿಕೊಂಡ ಬೆಸ್ಟನ ಸಮಾಧಿಯೂ ಅಲ್ಲಿಯೇ ಇದೆ.