ಪುಟ್ಟಣ್ಣ ಕಣಗಾಲ್

ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲು ಒಂದು ಸಣ್ಣ ಗ್ರಾಮ. ಅಲ್ಲಿಯ ಬಡ ಕುಟುಂಬವೊಂದರಲ್ಲಿ 1933ರ ಡಿಸೆಂಬರ್ 1ರಂದು ಸೀತಾರಾಮ ಶರ್ಮರು ಜನಿಸಿದರು. ಇವರೇ ಮುಂದೆ ಪುಟ್ಟಣ್ಣ ಕಣಗಾಲ್ ಎಂದು ನಾಡಿಗೆಲ್ಲ ಪರಿಚಿತರಾದರು. ಹೊಟ್ಟೆಪಾಡಿಗಾಗಿ ಹಲವು ಕೆಲಸಗಳನ್ನು ಮಾಡಿದ ಅವರು, ಬಿ. ಆರ್. ಪಂತುಲು ಅವರ ಸಹಾಯಕರಾಗಿ ನಿರ್ದೇಶನವನ್ನು ಕಲಿತರು.

ಮಲಯಾಳಂ ಚಿತ್ರದಿಂದ ಆರಂಭಿಸಿ, 1967ರಲ್ಲಿ ತ್ರಿವೇಣಿಯವರ ‘ಬೆಳ್ಳಿಮೋಡ’ವನ್ನು ಕನ್ನಡ ತೆರೆಗೆ ತಂದರು. ಅದೇ ಲೇಖಕಿಯ ಕಾದಂಬರಿಯನ್ನಾಧರಿಸಿದ ‘ಶರಪಂಜರ’ 1971ರಲ್ಲಿ ಬಂದಿತು. ಅದರ ನಾಯಕಿ ಕಾವೇರಿ ಬಾಣಂತಿತನದಲ್ಲಿ ಚಿತ್ತಸ್ವಾಸ್ಥ್ಯ ಕಳೆದುಕೊಂಡು, ಗುಣಹೊಂದಿ ಮನೆಗೆ ಮರಳುತ್ತಾಳೆ. ಆದರೆ ಗಂಡನಾಗಲಿ ನೆರೆಹೊರೆಯವರಾಗಲಿ ಅವಳನ್ನು ಮೊದಲಿನಂತೆ ಕಾಣುವುದಿಲ್ಲ. ಅವರ ಸಂಶಯದ ನೋಟವೇ ಅವಳನ್ನು ಮತ್ತೆ ಆಸ್ಪತ್ರೆಗೆ ಅಟ್ಟುತ್ತದೆ. ಮನೋರೋಗವೆಂದರೆ ನಗೆಪಾಟಲೆಂದು ತಿಳಿದಿದ್ದ ಪ್ರೇಕ್ಷಕರು ಈ ಚಿತ್ರವನ್ನು ಕಂಡು ಕಣ್ಣೀರಿಟ್ಟರು.

ಮರುವರ್ಷ ತ. ರಾ. ಸುಬ್ಬರಾಯರ ಮೂರು ಕಾದಂಬರಿಗಳನ್ನು ಒಂದುಗೂಡಿಸಿ ‘ನಾಗರಹಾವು’ ಚಿತ್ರವನ್ನು ನಿರ್ಮಿಸಲಾಯಿತು. ಚಿತ್ರದುರ್ಗದ ಕಲ್ಲಿನ ಕೋಟೆ ಅದರಲ್ಲಿ ಒಂದು ಪಾತ್ರವೇ ಆಗಿದೆ. ಜನ ಮುಗಿಬಿದ್ದು ನೋಡಿದರು. ಕಾದಂಬರಿಕಾರರಿಗೆ ಮಾತ್ರ ಅದು ಒಪ್ಪಿಗೆಯಾಗಲಿಲ್ಲ. ಕೃತಿಗೆ ನಿಷ್ಠರಾಗಿರಬೇಕೋ ತೆರೆಗೆ ನಿಷ್ಠರಾಗಿರಬೇಕೋ ಎಂಬ ಇಕ್ಕಟ್ಟು ಪುಟ್ಟಣ್ಣನವರದು. ಅವರು ತೆರೆಯನ್ನೇ ಆರಿಸಿಕೊಂಡರು.

ಹೊಸಬರನ್ನು ಗುರುತಿಸುವುದರಲ್ಲಿ ಅವರ ದೃಷ್ಟಿ ಬಲು ಸೂಕ್ಷ್ಮ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯ ತರುಣ ಅಂಬರೀಷರು ‘ನಾಗರಹಾವು’ವಿನಲ್ಲಿ ಜಲೀಲನಾಗಿ ಕಾಣಿಸಿಕೊಂಡದ್ದು ಕೆಲವೇ ದೃಶ್ಯಗಳಲ್ಲಿ. ಆದರೂ ಆ ಪುಂಡನನ್ನು ಜನ ಮರೆಯಲಿಲ್ಲ. 1981ರ ‘ರಂಗನಾಯಕಿ’ಯಲ್ಲಿ ಅವರಿಗೆ ಗಂಭೀರ ಪಾತ್ರವೇ ದೊರೆಯಿತು.

ಅಂಬರೀಷರೇ ಮುಖ್ಯಪಾತ್ರ ವಹಿಸಿದ್ದ ‘ಮಸಣದ ಹೂವು’ ಇನ್ನೂ ಮುಗಿದಿರಲಿಲ್ಲ. 1985ರ ಜೂನ್ 5ರಂದು, ತಮ್ಮ ಐವತ್ತೊಂದನೆಯ ವಯಸ್ಸಿನಲ್ಲಿ, ಪುಟ್ಟಣ್ಣನವರು ನಿಧನರಾದರು. ಉಳಿದ ಭಾಗವನ್ನು ಕೆ. ಎಸ್. ಎಲ್. ಸ್ವಾಮಿಯವರು ಪೂರ್ಣಗೊಳಿಸಿದರು.