ತಮ್ಮ ಮೇಲೆಯೇ ಲಸಿಕೆ ಪರೀಕ್ಷಿಸಿಕೊಂಡ ಹಾಫ್ಕಿನ್

ಮಕ್ಕಳೇ, ನಿಮ್ಮ ಊರಿಗೆ ಹೊಸ ಕಾಯಿಲೆಯೊಂದು ಬಂದಿದೆ ಎಂದುಕೊಳ್ಳಿ. ಆಗ ಎಲ್ಲರ ಮನದಲ್ಲೂ ಪ್ರಶ್ನೆಗಳು ಏಳುತ್ತವೆ. ಇದು ಯಾವ ಕಾಯಿಲೆ? ಹೇಗೆ ಹರಡುತ್ತದೆ? ನಾವೇನು ಮಾಡಬೇಕು? ಕೊಡುವ ಮದ್ದಿನಿಂದ ಅಪಾಯವಿಲ್ಲವೇ? ಸರಿಯಾದ ಉತ್ತರ ಸಿಗದಿದ್ದರೆ ಗಾಳಿಸುದ್ದಿ ಹಬ್ಬುತ್ತದೆ. ಇದನ್ನು ಕಣ್ಣಾರೆ ಕಂಡ ವಿಜ್ಞಾನಿ ವಾಲ್ಡೆಮಾರ್ ಹಾಫ್ಕಿನ್.

ಹಾಫ್ಕಿನ್ 1860ರಲ್ಲಿ ಇಂದಿನ ಉಕ್ರೇನ್ ದೇಶದ ಒಡೆಸ್ಸಾ ನಗರದಲ್ಲಿ ಜನಿಸಿದರು. ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯಲ್ಲಿ ಕೆಲಸ ಮಾಡುತ್ತಾ 1892ರಲ್ಲಿ ಕಾಲರಾ ಲಸಿಕೆ ತಯಾರಿಸಿ, ಮೊದಲು ತಮಗೇ ಚುಚ್ಚಿಕೊಂಡರು. ಮರುವರ್ಷ ಭಾರತಕ್ಕೆ ಬಂದರು.

1896ರಲ್ಲಿ ಮುಂಬಯಿಯಲ್ಲಿ ಪ್ಲೇಗ್ ಕಾಣಿಸಿಕೊಂಡಿತು. ಅದರ ರೋಗಾಣುವನ್ನು 1894ರಲ್ಲೇ ಕಂಡುಹಿಡಿದಿದ್ದರು. ಆದರೆ ಇಲಿಯ ಮೈಮೇಲಿನ ಚಿಗಟದಿಂದ ಅದು ಹರಡುತ್ತದೆಂದು ಆಗ ಗೊತ್ತಿರಲಿಲ್ಲ. ಅಧಿಕಾರಿಗಳು ಮನೆಗಳಿಗೆ ನುಗ್ಗಿ ರೋಗಿಗಳನ್ನು ಕರೆದೊಯ್ಯುತ್ತಿದ್ದರು. ಏಕೆಂದು ಜನರಿಗೆ ತಿಳಿಯುವಂತೆ ಹೇಳುವವರು ಕಡಿಮೆ. ಹೆದರಿದ ಜನ ರೋಗಿಗಳನ್ನು ಬಚ್ಚಿಟ್ಟರು. ಎಷ್ಟೋ ಮಂದಿ ಊರನ್ನೇ ಬಿಟ್ಟರು.

ಹಾಫ್ಕಿನ್ ಅಲ್ಲಿನ ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಹಗಲಿರುಳು ದುಡಿದರು. ತುಪ್ಪದ ಹನಿ ತೇಲಿಬಿಟ್ಟ ಮಾಂಸದ ಸಾರಿನಲ್ಲಿ ರೋಗಾಣುಗಳನ್ನು ಬೆಳೆಸಿ, ಕಾಯಿಸಿ ಕೊಂದರು. ಸತ್ತ ರೋಗಾಣುವಿನಿಂದ ಕಾಯಿಲೆ ಬರುವುದಿಲ್ಲ. ಆದರೆ ದೇಹವು ಅದನ್ನು ಗುರುತಿಟ್ಟುಕೊಂಡು ಎದುರಿಸಲು ಸಿದ್ಧವಾಗುತ್ತದೆ. ಇದೇ ಲಸಿಕೆಯ ಗುಟ್ಟು. 1897ರ ಜನವರಿ 10ರಂದು ಅವರು ತಮಗೇ ಲಸಿಕೆ ಚುಚ್ಚಿಸಿಕೊಂಡರು. ಜ್ವರ, ನೋವು ಬಂದವು, ಬಳಿಕ ಗುಣವಾದರು. ಲಸಿಕೆಯ ಬಗ್ಗೆ ಜನರಿಗಿದ್ದ ಭಯ ಹೋಗಲಾಡಿಸಲು ಆಗಾ ಖಾನ್ ಅವರೂ ಎಲ್ಲರೆದುರು ಲಸಿಕೆ ಹಾಕಿಸಿಕೊಂಡರು. 1898ರಲ್ಲಿ ಪ್ಲೇಗ್ ನಮ್ಮ ಬೆಂಗಳೂರು, ಹುಬ್ಬಳ್ಳಿಗಳಿಗೂ ಬಂತು. ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಈ ಲಸಿಕೆ ಪಡೆದರು.

ಆದರೆ 1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಹಳ್ಳಿಯಲ್ಲಿ ದುರಂತವೊಂದು ನಡೆಯಿತು. ಒಂದೇ ದಿನ ಲಸಿಕೆ ಪಡೆದ 107 ಜನರಲ್ಲಿ 19 ಮಂದಿ ಧನುರ್ವಾಯುವಿನಿಂದ ಸತ್ತರು. ತಪ್ಪು ಹಾಫ್ಕಿನ್ ಅವರ ಪ್ರಯೋಗಾಲಯದ್ದೇ ಎಂದು ದೂರಲಾಯಿತು. ಅವರು ಹುದ್ದೆ ಕಳೆದುಕೊಂಡರು. ಆದರೆ ಗಮನಿಸಿ: ಸತ್ತ 19 ಜನರೂ ಒಂದೇ ಬಾಟಲಿಯ ಲಸಿಕೆ ಪಡೆದವರು. ಬೇರೆ ಬಾಟಲಿಗಳಿಂದ ಪಡೆದವರಿಗೆ ಏನೂ ಆಗಿರಲಿಲ್ಲ. ಆ ಬಾಟಲಿಯ ಬಿರಡೆ ತೆಗೆಯುವಾಗ ಚಿಮಟ ನೆಲಕ್ಕೆ ಬಿದ್ದಿತ್ತು. ಧನುರ್ವಾಯುವಿನ ರೋಗಾಣು ಮಣ್ಣಿನಲ್ಲಿ ಇರುತ್ತದೆ! ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು ಅವರ ಪರ ನಿಂತರು. 1907ರಲ್ಲಿ ಕಳಂಕ ಕಳೆಯಿತು. ಹಾಫ್ಕಿನ್ ಮತ್ತೆ ಭಾರತಕ್ಕೆ ಬಂದು ಕಲ್ಕತ್ತೆಯಲ್ಲಿ ಕೆಲಸ ಮಾಡಿದರು.

1925ರಲ್ಲಿ ಮುಂಬಯಿಯ ಪ್ರಯೋಗಾಲಯಕ್ಕೆ ಹಾಫ್ಕಿನ್ ಸಂಸ್ಥೆ ಎಂದು ಹೆಸರಿಡಲಾಯಿತು. 1930ರಲ್ಲಿ ಅವರು ಸ್ವಿಟ್ಜರ್ಲೆಂಡಿನಲ್ಲಿ ನಿಧನರಾದರು.

ಮಕ್ಕಳೇ, ಕಾಯಿಲೆ ಬಂದಾಗ ಪ್ರಶ್ನೆ ಕೇಳುವುದು ತಪ್ಪಲ್ಲ. ಉತ್ತರಕ್ಕೆ ಸಾಕ್ಷ್ಯ ಬೇಕು. ಸಾಕ್ಷ್ಯ ಸಿಗಲು ಕೆಲವೊಮ್ಮೆ ಕಾಯಬೇಕು. ಅಲ್ಲಿಯವರೆಗೆ ಕೇಳಿದ್ದನ್ನೆಲ್ಲಾ ನಂಬಬಾರದು, ಹರಡಲೂಬಾರದು.

ಮಾಡಿ ನೋಡಿ: ಜ್ವರ ಹರಡುವ ಕಾಲದಲ್ಲಿ ನಿಮ್ಮ ಮನೆಯವರು ಕೇಳುವ ಐದು ಪ್ರಶ್ನೆಗಳನ್ನು ಬರೆದುಕೊಳ್ಳಿ. ಹತ್ತಿರದ ಆರೋಗ್ಯ ಕಾರ್ಯಕರ್ತೆಯಿಂದ ಉತ್ತರ ತಿಳಿದು ತರಗತಿಯಲ್ಲಿ ಓದಿ ಹೇಳಿ.